ಏಕನಾಥಪ್ಪನ ಅಳತೆ ಪುಸ್ತಕ

ದಾವಲ್ ಕಾಕಾ ಅವರ ಅಂಗಡಿಯಲ್ಲಿ ಮಾತಾಡದೆ ಕೆಲಸ ಆಗುತ್ತಿರಲಿಲ್ಲ. ಜೋರಾಗಿ ಮಾತಾಡಿದರೂ ಆಗುತ್ತಿರಲಿಲ್ಲ. ಅದಕ್ಕೇ ಇರಬೇಕು, ನನಗೆ ಆ ಕೆಲಸ ಒಗ್ಗಿತು.

ನಮ್ಮೂರಲ್ಲಿ ಬರೆದದ್ದು ಹೊತ್ತು ಮುಳುಗುವವರೆಗೆ ಮಾತ್ರ ಬರಹ. ಹೊತ್ತು ಮುಳುಗಿದ ಮೇಲೆ ಅದು ಪಟ. ಮಸಿ ಕಾಗದವನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ಒಂದು ಅಕ್ಷರ ಹೊಡೆದುಹಾಕಲು ಬರುವುದಿಲ್ಲ, ಒಂದು ಅಕ್ಷರ ಸೇರಿಸಲು ಬರುವುದಿಲ್ಲ. ಆ ಹಾಳೆಯ ಮೇಲೆ ಮತ್ತೆ ಪೆನ್ನು ಇಟ್ಟರೆ ಮಸಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಬೀಳುತ್ತದೆ. ನೋಡಿಕೊಂಡು ನಕಲು ಮಾಡಿದರೂ ಉಪಯೋಗವಿಲ್ಲ. ಬೆಳಗಾಗುವುದರೊಳಗೆ ನಕಲಿನ ಹಾಳೆ ಬೆಳ್ಳಗಾಗಿರುತ್ತದೆ. ಒಂದು ಬರಹ ಒಂದೇ ಕಡೆ ಇರುತ್ತದೆ, ಎರಡು ಕಡೆ ಇರಲು ಒಪ್ಪುವುದಿಲ್ಲ. ಹಾಗಂತ ನಮ್ಮೂರಿನ ಜನ ಬಹಳ ಯೋಚಿಸಿ ಬರೆಯುತ್ತಾರೆ ಎಂದು ತಿಳಿಯಬೇಡಿ. ಅವಸರದಲ್ಲಿ ಬರೆಯುತ್ತಾರೆ, ಮರುದಿನ ಬೆಳಿಗ್ಗೆ ದಾವಲ್ ಕಾಕಾ ಅವರ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಮದುವೆಯ ತಾರೀಕು ಬದಲಾದವರು, ಬೀಗರಿಗೆ ಸಿಟ್ಟಿನಲ್ಲಿ ಪತ್ರ ಬರೆದು ಅದನ್ನು ಇನ್ನೂ ಕಳಿಸದೆ ಉಳಿದವರು, ಮಗುವಿಗೆ ಅಜ್ಜಿಯ ಹೆಸರಿಟ್ಟು ಆಮೇಲೆ ಆ ಅಜ್ಜಿಯ ಜೊತೆಗೇ ಜಗಳ ಮಾಡಿಕೊಂಡವರು.

ಅಂಗಡಿಗೆ ಹೆಸರಿನ ಹಲಗೆ ಇರಲಿಲ್ಲ. ಎಲ್ಲರೂ ಬಿಡಿಸೋ ಅಂಗಡಿ ಅನ್ನುತ್ತಿದ್ದರು. ಒಳಗೆ ಒಂದು ದೊಡ್ಡ ತಾಮ್ರದ ಪರಾತ, ಅಗಲವಾದ ಹರಿವಾಣ. ಅದರಲ್ಲಿ ಜೋಳದ ಗಂಜಿಯ ತಿಳಿನೀರು. ಹಾಳೆಯನ್ನು ಮುಖ ಮೇಲಾಗಿ ನೀರಿನಲ್ಲಿ ಮಲಗಿಸಿ, ಅದರ ಮೇಲೆ ಬಾಗಿ, ಒಂದೊಂದೇ ಅಕ್ಷರವನ್ನು ಮೆಲ್ಲಗೆ ಕರೆಯಬೇಕು. ಸರಿಯಾಗಿ ಗುರುತಿಸಿ ಕರೆದರೆ ಅಕ್ಷರ ಕಾಗದ ಬಿಟ್ಟು ತೇಲಿ ಮೇಲೆ ಬರುತ್ತದೆ. ಬಿದಿರಿನ ಕಡ್ಡಿಯಿಂದ ಅದನ್ನು ಎತ್ತಿ ಮೇಣದ ಹಾಳೆಯ ಮೇಲೆ ಕೂರಿಸಬೇಕು. ಹಾಗೆ ಬಿಡಿಸಿದ ಅಕ್ಷರ ಮತ್ತೆಂದೂ ಕಚ್ಚಿ ಹಿಡಿಯುವುದಿಲ್ಲ. ಬೇಕಾದಾಗ ಸರಿಸಬಹುದು, ತೆಗೆಯಬಹುದು, ನಡುವೆ ಇನ್ನೊಂದು ಕೂರಿಸಬಹುದು. ಆದರೆ ಮೇಲೆ ಬಂದ ಅಕ್ಷರ ಬರೆದವರ ಅಕ್ಷರವಾಗಿ ಉಳಿಯುವುದಿಲ್ಲ. ಯಾರೇ ಬರೆದಿರಲಿ, ನೀರಿನಿಂದ ಏಳುವಾಗ ಎಲ್ಲ ಅಕ್ಷರಗಳೂ ಒಂದೇ ತರಹ, ಪಂಚಾಂಗದ ಅಚ್ಚಿನ ಹಾಗೆ ನೆಟ್ಟಗೆ ಏಳುತ್ತವೆ. ತಳದಲ್ಲಿ ಬಿಳಿ ಹಾಳೆ ಉಳಿಯುತ್ತದೆ. "ಮಾತು ಉಳೀತೈತಿ, ಕೈ ಹೋಗತೈತಿ. ಒಪ್ಪಿಗಿ ಏನು?" ಎಂದು ಕಾಕಾ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು. ಹೂಂ ಅಂದ ಮೇಲೇ ಹಾಳೆ ನೀರಿಗೆ.

ನಾನು ಆ ಅಂಗಡಿಗೆ ಹೋದದ್ದು ರೊಟ್ಟಿ ಕೊಡಲು. ಅವ್ವ ಹತ್ತಾರು ಮನೆಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಏಳನೇ ತರಗತಿಗೆ ನಾನು ಶಾಲೆ ಬಿಟ್ಟಿದ್ದೆ. ಅಪ್ಪ ಸತ್ತ ವರ್ಷ ಅದು, ಜನ ಅದೇ ಕಾರಣ ಅಂದುಕೊಂಡರು. ನಿಜ ಏನೆಂದರೆ, ಎದ್ದು ನಿಂತು ಓದು ಅಂದರೆ ನನ್ನ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. ಅಕ್ಷರ ಎಲ್ಲ ಗೊತ್ತಿತ್ತು; ನಲವತ್ತು ಮಂದಿ ನನ್ನ ಕಡೆ ನೋಡುವಾಗ ಅವು ಬಾಯಿಗೆ ಬರುತ್ತಿರಲಿಲ್ಲ. ಒಂದು ದಿನ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಾಗ, ಪೊರೆ ಬಂದ ಕಣ್ಣಿನ ಕಾಕಾ ಒಂದು ಅಕ್ಷರಕ್ಕೆ ಮತ್ತೆ ಮತ್ತೆ ತಪ್ಪು ಹೆಸರು ಹಿಡಿದು ಕರೆಯುತ್ತಿದ್ದರು. ಅದು ಏಳಲಿಲ್ಲ. ನಾನು ನನಗೇ ಕೇಳದಷ್ಟು ಮೆಲ್ಲಗೆ ಅದರ ಸರಿಯಾದ ಹೆಸರು ಅಂದೆ. ಅಕ್ಷರ ಎದ್ದು ಬಂತು. ಕಾಕಾ ತಲೆ ಎತ್ತಿ, "ಯಾರವಾ ಅದು, ಸಾವಂತ್ರಿ ಏನು? ನಾಳಿಂದ ಬುಟ್ಟಿ ಮನ್ಯಾಗ ಇಟ್ಟು ಬಾ," ಅಂದರು. ಐದು ವರ್ಷ ಹಾಗೇ ಕಳೆಯಿತು. ಆ ಗಂಜಿ ನೀರಿನ ಹುಳಿವಾಸನೆ, ಮಧ್ಯಾಹ್ನ ಕಿಟಕಿಯಿಂದ ಪರಾತದ ಮೇಲೆ ಬೀಳುತ್ತಿದ್ದ ಬಿಸಿಲು, ಕಾಕಾನ ಎಲೆಅಡಿಕೆಯ ಡಬ್ಬಿಯ ಸದ್ದು. ಈಗಲೂ ಜೋಳದ ಗಂಜಿ ಕಾಯಿಸಿದರೆ ನನಗೆ ಮಾತಾಡಬೇಕು ಅನ್ನಿಸುತ್ತದೆ.

ಕೆಲಸ ಇಲ್ಲದ ಹೊತ್ತು ನಾನು ಕಿಟಕಿಯಲ್ಲಿ ಕೂತು ಪೇಟೆ ನೋಡುತ್ತಿದ್ದೆ. ಮಾತು ಕಡಿಮೆ ಇರುವವರಿಗೆ ಕಣ್ಣಿಗೆ ಕೆಲಸ ಜಾಸ್ತಿ. ಯಾರು ಯಾವ ಕಾಲು ಎಳೆದು ನಡೆಯುತ್ತಾರೆ, ಯಾರು ಚೀಲವನ್ನು ಯಾವ ಹೆಗಲಿಗೆ ಹಾಕುತ್ತಾರೆ ಎಲ್ಲ ನನಗೆ ಗೊತ್ತಿತ್ತು. ಅದು ಯಾರಿಗಾದರೂ ಬೇಕಾದೀತು ಎಂದು ಮಾತ್ರ ಗೊತ್ತಿರಲಿಲ್ಲ.

ರುಕ್ಮಕ್ಕ ಬಂದದ್ದು ಚಳಿಗಾಲ ಮುಗಿಯುತ್ತಿದ್ದಾಗ. ರುಕ್ಮಾಬಾಯಿ ಎಂದು ಹೆಸರು, ಪೇಟೆಗೆಲ್ಲ ರುಕ್ಮಕ್ಕ. ಅವಳ ಗಂಡ ಏಕನಾಥಪ್ಪ ನಮ್ಮೂರಿಗೆ ಇದ್ದ ಒಬ್ಬರೇ ಸಿಂಪಿಗರು, ಮೂವತ್ತು ವರ್ಷ ಊರಿನ ಗಂಡಸರ ಅಂಗಿ ಹೊಲಿದವರು, ದೀಪಾವಳಿಯ ಹಿಂದಿನ ವಾರ ತೀರಿಕೊಂಡಿದ್ದರು. ಅವಳು ಒಂದು ದಪ್ಪ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಪರಾತದ ಪಕ್ಕ ಧೊಪ್ಪನೆ ಇಟ್ಟಳು.

"ಇದನ್ನ ಬಿಡಿಸಿ ಕೊಡ್ರಿ ಕಾಕಾ. ಪೂರ್ತಿ."

ಅದು ಏಕನಾಥಪ್ಪನ ಅಳತೆ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಎದೆ, ಸೊಂಟ, ತೋಳು, ಕೊರಳು, ಹೆಗಲು. ಅಂಕಿಗಳೆಲ್ಲ ಓಡುತ್ತಿರುವಂತೆ ಬಲಕ್ಕೆ ವಾಲಿದ್ದವು.

ಕಾಕಾ ಪುಸ್ತಕದ ಮೇಲೆ ಕೈ ಆಡಿಸಿದರು. "ಇದ್ದದ್ದು ಇದ್ದಂಗ ಇಟ್ಕೊಂಡು ಹೊಲೀಬಾರದೇನ ತಂಗಿ?"

"ಹೆಂಗ ಹೊಲೀಲಿ? ಏಳೆಂಟು ವರ್ಷದ ಹಿಂದಿನ ಅಳತಿ ಅದಾವ. ಆವಾಗ ಕಡ್ಡಿ ಇದ್ದವ್ರು ಈಗ ಕುಂಬಳಕಾಯಿ ಆಗ್ಯಾರ. ನಾ ಟೇಪು ಹಿಡದು ಹತ್ರ ಹೋದ್ರ, ಹೆಂಗಸು ಅಂತ ಗಂಡಸರು ಮಾರು ದೂರ ಜಿಗೀತಾರ. ಬಾಗಲದಾಗ ನಿಂತು ಕಣ್ಣಳತಿ ಹಿಡೀತೀನಿ, ಎಲ್ಲಿ ಎರಡು ಬೆರಳು ಕೂಡಸಬೇಕು ಅಂತ ನಂಗ ಗೊತ್ತಾಗತೈತಿ. ಕೂಡಸಾಕ ಈ ಪುಸ್ತಕ ಬಿಡಬೇಕಲ್ಲ!"

ಅವಳ ಅವಸರಕ್ಕೆ ಕಾರಣ ಇತ್ತು. ಪೇಟೆಯ ಮಳಿಗೆಗಳು ಪಂಚರ ಕೈಯಲ್ಲಿ. ದುಡಿಯುವ ಕೈ ಇಲ್ಲದ ಮಳಿಗೆಯನ್ನು ಯುಗಾದಿಗೆ ಬೇರೆಯವರಿಗೆ ಕೊಡುವುದು ಪದ್ಧತಿ. ಪಂಚರ ಹಿರಿಯ ಬಸಲಿಂಗಪ್ಪ ಈಗಾಗಲೇ ಪರವೂರಿನ ಸಿಂಪಿಗನೊಬ್ಬನನ್ನು ಕರೆಸಿ ಮಳಿಗೆ ತೋರಿಸಿದ್ದರಂತೆ. ರುಕ್ಮಕ್ಕ ಅವರ ಮುಂದೆ ನಿಂತು, ಈ ಯುಗಾದಿಗೆ ನಿಮ್ಮೆಲ್ಲರ ಹೊಸ ಅಂಗಿ ನಾನೇ ಹೊಲಿದು ಕೊಡುತ್ತೇನೆ, ಒಂದು ಅಂಗಿ ಮೈಮೇಲೆ ಸರಿಯಾಗಿ ಕೂರದಿದ್ದರೆ ಮಳಿಗೆ ಬಿಡುತ್ತೇನೆ ಎಂದು ಹೇಳಿ ಬಂದಿದ್ದಳು.

"ಮಾತು ಉಳೀತೈತಿ," ಕಾಕಾ ಎಂದಿನಂತೆ ಶುರು ಮಾಡಿದರು, "ಕೈ..."

"ಕೈ ಇದ್ದಾತನ ಹೋದ, ಇನ್ನ ಅಕ್ಷರದ ಕೈ ಕಟಗೊಂಡು ಏನ್ ಮಾಡ್ಲಿ ಕಾಕಾ," ಅಂದಳು ರುಕ್ಮಕ್ಕ. ಅಂದು ನಕ್ಕಳು. ಆದರೆ ನಾನು ಮೊದಲನೇ ಹಾಳೆಯನ್ನು ಕತ್ತರಿಸಿ ನೀರಿಗೆ ಬಿಡುವಾಗ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತದ್ದನ್ನು ನೋಡಿದೆ.

ಮೊದಲ ದಿನ ಹನ್ನೆರಡು ಹಾಳೆ ಬಿಡಿಸಿದೆ; ಅವನ್ನು ಹೊಲಿದು ನೋಡಿ ಉಳಿದದ್ದು ಎಂದಿದ್ದಳು ರುಕ್ಮಕ್ಕ. ಅಂಕಿಗಳು ಸುಲಭ, ಕರೆದ ಕೂಡಲೇ ಎದ್ದು ಬರುತ್ತಿದ್ದವು. ಏಳುವಾಗ ಅವುಗಳ ಓಟ ನಿಂತುಬಿಡುತ್ತಿತ್ತು. ಬಲಕ್ಕೆ ವಾಲಿದ ಏಳು ನೀರಿನ ಮೇಲೆ ಬಂದು ಸೆಟೆದು ನಿಲ್ಲುತ್ತಿತ್ತು. ಎಲ್ಲ ಹಾಳೆಗಳ ಅಂಚಿನಲ್ಲಿ ಒಂದೋ ಎರಡೋ ಸಣ್ಣ ಗೀಚುಗಳಿದ್ದವು. ಒಂದು ಸೊನ್ನೆಯಂಥದ್ದು, ಒಂದು ಕಾಗೆಯ ಕಾಲಿನಂಥದ್ದು, ಒಂದು ಬಾಗಿದ ಗೆರೆ. ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ. ನಾನು ಸೊನ್ನೆಯನ್ನು ಸೊನ್ನೆ ಎಂದು ಕರೆದು ನೋಡಿದೆ, ಏಳಲಿಲ್ಲ.

"ಕರದ್ರ ಓಗೊಡದ್ದು ಅಕ್ಷರ ಅಲ್ಲ ಮಗಳ," ಅಂದರು ಕಾಕಾ. ಅದು ಅಂಗಡಿಯ ನೇಮ. "ಪೆನ್ನು ಝಾಡಿಸ್ಯಾನ, ಮಸಿ ಕಲೆ ಬಿದ್ದಾವ. ನೀರಿನ ಸಂಗಟ ಚೆಲ್ಲು."

ಸಂಜೆ ಪರಾತದ ನೀರನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದೆ. ಗೀಚುಗಳು ಖಾಲಿ ಹಾಳೆಗಳ ಮೇಲೆ ಕರಗಿ, ನೀರಿನ ಜೊತೆ ಹೋದವು.

ರುಕ್ಮಕ್ಕ ಮೊದಲು ಹೊಲಿದದ್ದು ಬಸಲಿಂಗಪ್ಪನ ಅಂಗಿಯನ್ನೇ. ಅವರು ಮೆಚ್ಚಿದರೆ ಉಳಿದವರು ತಾವಾಗಿ ಬರುತ್ತಾರೆ ಎಂದು ಅವಳ ಲೆಕ್ಕ. ಮೇಣದ ಹಾಳೆಯ ಮೇಲೆ ಅಂಕಿ ಸರಿಸಿ, ಕಣ್ಣಳತೆಯಿಂದ ಎದೆಗೆ ಎರಡು ಬೆರಳು ಸೇರಿಸಿ, ಮೂರು ದಿನ ಕೂತು ಹೊಲಿದಳು. ನಾಲ್ಕನೆಯ ದಿನ ಬಸಲಿಂಗಪ್ಪ ಆ ಅಂಗಿ ತೊಟ್ಟುಕೊಂಡೇ ಪೇಟೆಗೆ ಬಂದರು. ರುಕ್ಮಕ್ಕ ಆಗ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಇದ್ದಳು. ಹೊಟ್ಟೆಯ ಮೇಲೆ ಎರಡು ಗುಂಡಿ ಬಾಯಿ ತೆರೆದಿದ್ದವು.

"ನೋಡ್ರಿ ರುಕ್ಮಾಬಾಯಿ, ಅಳತಿ ಸರಿ ಐತಿ ಅಂತೀರಿ. ಅಂಗಿ ನಂದಲ್ಲ. ಯಾರೋ ನನ್ನ ತಮ್ಮಂದು ಇದ್ದಂಗೈತಿ."

"ಮೊನ್ನೆ ನೋಡಿದಾಗ ನೀವು ಇಷ್ಟು ಇರಲಿಲ್ಲ..."

"ಅಂದ್ರ ನಾಕು ದಿನದಾಗ ನಾ ಉಬ್ಬೀನೇನು?" ಪೇಟೆಯವರು ನಕ್ಕರು. ಬಸಲಿಂಗಪ್ಪನೂ ನಕ್ಕರು, ಒಳ್ಳೆಯವರೇ. ಆದರೆ ಹೊರಡುವಾಗ, "ಇನ್ನ ಹದಿನೈದು ದಿನಕ್ಕ ಯುಗಾದಿ ಐತಿ. ನಾ ಪಂಚರಿಗೆ ಉತ್ತರ ಹೇಳಬೇಕಾಗತೈತಿ ತಾಯಿ," ಅಂದರು.

ಅದೇ ವಾರ ಇನ್ನೂ ಎರಡು ಅಂಗಿ ವಾಪಸ್ ಬಂದವು. ಒಂದರ ಹೆಗಲು ಜಾರುತ್ತಿತ್ತು, ಇನ್ನೊಂದರ ಬೆನ್ನು ಗೂಡು ಕಟ್ಟಿತ್ತು. ಅಂಕಿಗಳು ಎಲ್ಲ ಸರಿ ಇದ್ದವು, ನಾನೇ ಎರಡು ಸಲ ನೋಡಿದೆ. ರುಕ್ಮಕ್ಕ ಅಂಗಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹೊಲಿಗೆಯ ಮೇಲೆ ಬೆರಳು ಆಡಿಸಿದಳು.

"ಅಂವ ಹೊಲದ್ರ ಹಿಂಗ ಆಗ್ತಿರಲಿಲ್ಲ. ಇದ ಪುಸ್ತಕ ನೋಡ್ತಿದ್ದ. ಇದ ಅಂಕಿ. ನನ್ನ ಕೈನ ಸುಮಾರ ಇರಬೇಕು ಬಿಡು," ಅಂದಳು.

ಅವಳು ಹೋದ ಮೇಲೆ ನಾನು ಮುಂದಿನ ಹಾಳೆಯನ್ನು ನೀರಿಗೆ ಬಿಟ್ಟೆ. ಅದು ಅಂಚೆಯ ಗೋವಿಂದರಾಯರದ್ದು. ಅಂಚಿನಲ್ಲಿ ಮತ್ತೆ ಅದೇ ಸೊನ್ನೆ. ಅದನ್ನು ಇನ್ನೂ ಎಲ್ಲಿ ನೋಡಿದ್ದೆ ಎಂದು ನೆನಪಿಸಿಕೊಂಡೆ. ಬಸಲಿಂಗಪ್ಪನ ಹಾಳೆಯಲ್ಲಿ ಇತ್ತು. ಕಿಟಕಿಯ ಹೊರಗೆ ಗೋವಿಂದರಾಯರೇ ಅಂಚೆಚೀಲ ಹಿಡಿದು ಬರುತ್ತಿದ್ದರು. ಜನ ಇರುವ ಕಟ್ಟೆಯವರೆಗೆ ಎದೆ ಮುಂದೆ ಮಾಡಿ ನೆಟ್ಟಗೆ ಬಂದರು. ಹಿಟ್ಟಿನ ಗಿರಣಿಯ ಮೂಲೆ ತಿರುಗಿದ ಕೂಡಲೇ ಅವರ ಹೊಟ್ಟೆ ಅಂಗಿಯೊಳಗೆ ಇಳಿದು ಮುಂದೆ ಬಂತು. ದಿನಾ ಹಾಗೇ ಆಗುತ್ತಿತ್ತು. ಬಸಲಿಂಗಪ್ಪನಿಗೂ ಅದೇ ಗಿರಣಿಯ ಮೂಲೆಯಲ್ಲೇ ಹೊಟ್ಟೆ ಇಳಿಯುತ್ತಿತ್ತು. ನಾಲ್ಕು ಜನರ ಮುಂದೆ ಉಸಿರು ಹಿಡಿಯುವವರು ಅವರಿಬ್ಬರೂ. ಟೇಪು ಸುತ್ತುವಾಗಲೂ ಹಿಡಿದಿರಬೇಕು. ಬಾಗಿಲಲ್ಲಿ ನಿಂತ ರುಕ್ಮಕ್ಕನ ಮುಂದೆಯೂ ಹಿಡಿದಿರಬೇಕು.

ನಾನು ಪರಾತದ ಮೇಲೆ ಬಾಗಿ ಮೆಲ್ಲಗೆ ಅಂದೆ, "ಉಸಿರು ಹಿಡಿಯುತ್ತಾರೆ. ಹೊಟ್ಟೆಗೆ ಸಡಿಲ ಬಿಡಬೇಕು."

ಸೊನ್ನೆ ಅಲುಗಿತು. ಉಂಡೆ ಬಿಚ್ಚಿದ ದಾರದಂತೆ ಬಿಚ್ಚಿಕೊಳ್ಳುತ್ತಾ ಮೇಲೆ ಬಂತು. ಬಂದ ಹಾಗೆ ಸಾಲಾಗಿ, ನಾನು ಅಂದ ಅದೇ ಮಾತಾಗಿ, ನೆಟ್ಟನೆಯ ಅಕ್ಷರಗಳಲ್ಲಿ ನೀರಿನ ಮೇಲೆ ನಿಂತಿತು.

"ಕಾಕಾ," ಅಂದೆ. "ಅವು ಕಲೆ ಅಲ್ರಿ. ನಾವು ಹನ್ನೆರಡು ಮಂದೀದು ಚೆಲ್ಲೇವಿ."

ಕಾಕಾ ಹಿತ್ತಲಿನ ಬಾಗಿಲ ಕಡೆ ತಿರುಗಿದರು. ಆಮೇಲೆ, "ನಲವತ್ತು ವರ್ಷದಿಂದ ಚೆಲ್ಲೀನಿ ಮಗಳ. ಯಾರ್ಯಾರದು ಏನೇನು ಕರಿಬೇವಿಗೆ ಹೋತೋ," ಅಂದರು. ಆ ಗಿಡದ ಕರಿಬೇವನ್ನು ಅವರು ಮತ್ತೆ ಸಾರಿಗೆ ಹಾಕಲಿಲ್ಲ.

ಮರುದಿನ ರುಕ್ಮಕ್ಕನಿಗೆ ಹೇಳಬೇಕಿತ್ತು. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳ ಮುಖ ನೋಡಿದ ಮೇಲೆ ಎಲ್ಲ ಮರೆತು, "ನಾ ಚೆಲ್ಲಿದೆ," ಅಂತಷ್ಟೇ ಅಂದೆ. ಅವಳು ಕೇಳಿ ಕೇಳಿ ಒಂದೊಂದಾಗಿ ನನ್ನಿಂದ ಹೊರಡಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹಣೆ ಬಡಿದುಕೊಂಡು ನಗತೊಡಗಿದಳು.

"ಅಯ್ಯ ನನ್ನ ಶಿವನ! ಅಳತಿ ಹಿಡಿಯೂವಾಗ ಅಂವ ಒಬ್ಬೊಬ್ಬರ ಸುದ್ದಿ ಮೆಲ್ಲಕ ನನ್ನ ಕಿವ್ಯಾಗ ಹೇಳ್ತಿದ್ದ. ನಾ ಗುಂಡಿಗೆ ಕಾಜ ಮಾಡಕೋತ ನಗತಿದ್ದೆ. ಬರದೂ ಇಡ್ತಿದ್ದ ಅಂತ ಈಗ ಗೊತ್ತಾತು ನೋಡು." ನಗು ನಿಂತ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಂಗ ಹೆಂಗ ಗೊತ್ತಾತ ಹುಡಗಿ ಬಸಲಿಂಗಪ್ಪನ ಹೊಟ್ಟಿ ಸುದ್ದಿ?"

"ಕಿಟಕಿಯಿಂದ ಕಾಣತೈತಿ."

"ಮತ್ತ ಏನೇನ ಕಾಣತೈತಿ?"

ನಾನು ಹೇಳಿದೆ. ಅಷ್ಟು ಮಾತು ನಾನು ಅದುವರೆಗೆ ಯಾರಿಗೂ ಆಡಿರಲಿಲ್ಲ. ಚೆಲ್ಲಿಹೋದ ಹನ್ನೆರಡು ಜನರನ್ನು ಒಬ್ಬೊಬ್ಬರಾಗಿ ಕಣ್ಣ ಮುಂದೆ ನಡೆಸಿಕೊಂಡು ಬಂದೆ. ಎಡ ಹೆಗಲ ಮೇಲೆ ಮೂಟೆ ಹೊತ್ತು ಒಂದು ಕಡೆ ಇಳಿದವರು, ಕೊರಳಿನ ಗಂಟು ಮುಚ್ಚಿಕೊಳ್ಳಲು ಮೇಲಿನ ಗುಂಡಿ ಹಾಕುವವರು, ಕೂತಲ್ಲೇ ಕೂತು ಬೆನ್ನು ಬಾಗಿದ ಜ್ಯೋತಿಷಿಗಳು. ರುಕ್ಮಕ್ಕ ಅಂಗಿಗಳ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಳು. ಉಳಿದ ಹಾಳೆಗಳನ್ನು ನಾನು ಅಂಗಡಿಯಲ್ಲಿ ಬಿಡಿಸುತ್ತಾ ಹೋದೆ; ಈ ಸಲ ಒಂದು ಗೀಚನ್ನೂ ಬಿಡಲಿಲ್ಲ. ಕಾಗೆಯ ಕಾಲು ಅಂದರೆ ಹೆಗಲು ಇಳಿದಿದೆ, ಬಾಗಿದ ಗೆರೆ ಅಂದರೆ ಬೆನ್ನು. ಕೆಲವನ್ನು ಹತ್ತು ಬಗೆಯಲ್ಲಿ ಕರೆದ ಮೇಲೆ ಎದ್ದವು. ಏಳದಿದ್ದರೆ ಆ ಮನುಷ್ಯ ಪೇಟೆಗೆ ಬರುವವರೆಗೆ ಕಾದು, ನೋಡಿ, ಮತ್ತೆ ಕರೆಯುತ್ತಿದ್ದೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಬಸಲಿಂಗಪ್ಪನ ಅಂಗಿ ಎರಡನೇ ಸಲ ಹೋಯಿತು. ಅವರು ತೊಟ್ಟುಕೊಂಡು ಬಂದು, ಕಟ್ಟೆಯ ಮೇಲೆ ಕೂತರು, ಎದ್ದರು, ಮತ್ತೆ ಕೂತರು.

"ಈಗ ಏನ್ ಮಾಡಿದ್ರಿ ಇದಕ್ಕ?"

"ಏನಿಲ್ರಿ. ಅಂಗಿ ಅರಬಿ ನೀರಿಗೆ ಹಾಕಿದ್ದೆ, ಜಗ್ಗೇತಿ," ಅಂದಳು ರುಕ್ಮಕ್ಕ, ಕಣ್ಣು ಮಿಟುಕಿಸದೆ.

ಅವರು ಉಸಿರು ಬಿಟ್ಟರು. ಪೇಟೆಯ ನಟ್ಟನಡುವೆ ಅವರು ಪೂರ್ತಿ ಉಸಿರು ಬಿಟ್ಟದ್ದನ್ನು ನಾನು ಅವತ್ತೇ ನೋಡಿದ್ದು. ಯುಗಾದಿಯ ದಿನ ಊರಿನ ಗಂಡಸರೆಲ್ಲ ಅವಳು ಹೊಲಿದ ಅಂಗಿಯಲ್ಲಿ ಬೇವುಬೆಲ್ಲ ಹಂಚಿದರು. ಮಳಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಪರವೂರಿನ ಸಿಂಪಿಗ ಮತ್ತೆ ಬರಲಿಲ್ಲ.

ಹಬ್ಬದ ಮರುದಿನ ಪುಸ್ತಕದಲ್ಲಿ ಒಂದೇ ಹಾಳೆ ಉಳಿದಿತ್ತು. ತಿರುಗಿಸಿ ಹೆಸರು ನೋಡಿದೆ. ಮೈಲಾರಪ್ಪ ಹಮಾಲ. ನನ್ನ ಅಪ್ಪ.

ಸತ್ತವರ ಹಾಳೆ ಆ ಪುಸ್ತಕದಲ್ಲಿ ಇರಬಾರದಿತ್ತು. ಯಾರಾದರೂ ತೀರಿಕೊಂಡರೆ, ಮೇಲೆ ಹೊದಿಸುವ ಬಟ್ಟೆಗೆ ಮನೆಯವರು ಸಿಂಪಿಗನ ಹತ್ತಿರ ಹೋಗುತ್ತಾರೆ. ಸಿಂಪಿಗ ಬಟ್ಟೆಯ ಜೊತೆ ಆ ಮನುಷ್ಯನ ಅಳತೆಯ ಹಾಳೆ ಕಿತ್ತು ಕೊಡುತ್ತಾನೆ. ಅದು ಅವರ ಜೊತೆಗೇ ಹೋಗುತ್ತದೆ. ಅಪ್ಪ ಲಾರಿಯ ಮೇಲೆ ಮೂಟೆಗಳ ಜೊತೆ ಹೋಗಿ ಬೇರೆ ಊರಿನ ರಸ್ತೆಯಲ್ಲಿ ಸತ್ತ. ಅಲ್ಲೇ ಮಣ್ಣು ಮಾಡಿದರು. ನಾವು ಬಟ್ಟೆಗೆ ಹೋಗಲೇ ಇಲ್ಲ. ಹಾಗಾಗಿ ಹಾಳೆ ಉಳಿದಿತ್ತು.

ಎದೆ ಮೂವತ್ತೆಂಟು. ಕೊರಳು ಹದಿನೈದು. ನಾನು ಅದನ್ನು ನೀರಿಗೆ ಬಿಟ್ಟೆ. ಆದರೆ ಅಂಕಿಗಳನ್ನು ಕರೆಯಲಿಲ್ಲ. ಬಲ ಹೆಗಲ ಹತ್ತಿರ ಕಾಗೆಯ ಕಾಲು ಇತ್ತು, ಹಮಾಲರಿಗೆಲ್ಲ ಇರುವಂಥದ್ದು. ಎಡ ತೋಳಿನ ಪಕ್ಕ ಇನ್ನೊಂದು ಗೀಚು. ಕೆಳಗೆ ಎಳೆದ ಸಣ್ಣ ಕೊಕ್ಕೆ. ಇಡೀ ಪುಸ್ತಕದಲ್ಲಿ ಬೇರೆ ಯಾರಿಗೂ ಅದು ಇರಲಿಲ್ಲ. ನಾನು ಅಪ್ಪನ ಎಡಗೈಯನ್ನು ನೆನಪಿಸಿಕೊಂಡು ಕರೆದೆ. ಕೈ ಉದ್ದ ಅಂದೆ. ಮುಂಗೈಗೆ ಗಾಯ ಅಂದೆ. ಬೀಡಿ ಆ ತೋಳಿನ ಮಡಿಕೆಯಲ್ಲಿ ಇಡುತ್ತಾನೆ ಅಂದೆ. ಕೊಕ್ಕೆ ಅಲುಗಲಿಲ್ಲ. ಊರಿನ ಗಂಡಸರ ಮೈಯೆಲ್ಲ ಓದಿದ್ದೆ. ಅಪ್ಪನದ್ದು ಓದಲು ಬರಲಿಲ್ಲ.

ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ ರುಕ್ಮಕ್ಕ ಬಗ್ಗಿ ನೋಡಿದಳು. "ಇದನ್ಯಾಕ ಬಿಡಸ್ತಿ? ಹೋದವ್ರ ಅಳತಿ ಏನ್ ಬದಲಾಗತೈತಿ?" ಅಂದಳು. ಅನ್ನುತ್ತಾ ಅನ್ನುತ್ತಾ ಅವಳ ಕಣ್ಣು ಹಾಳೆಯ ಮೇಲೆ ನಿಂತುಬಿಟ್ಟಿತು. ಬಲಕ್ಕೆ ವಾಲಿ ಓಡುವ ಅಂಕಿಗಳು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. "ಇದೊಂದ ಉಳದೈತಿ ಅಲ್ಲ ಅವನ ಕೈದು," ಅಂದಳು. "ಸಾವಂತ್ರಿ, ಇದು ನಂಗಿರಲಿ. ನನ್ನ ಕುಬುಸದ ಅಳತಿ ಸೈತ ಅಂವ ಬರದಿಟ್ಟಿಲ್ಲ. ಕೈಗೆ ಗೊತ್ತೈತಿ, ಬರಿಯೂದ್ಯಾಕ ಅಂತಿದ್ದ. ನನ್ನ ಹಂತ್ಯಾಕ ಅವನ ಒಂದ ಅಕ್ಷರ ಇಲ್ಲ."

"ಇಲ್ಲ," ಅಂದೆ.

ಅಷ್ಟು ಜೋರಾಗಿ ಬಂತು ನನ್ನ ದನಿ. ಪರಾತದ ನೀರು ನಡುಗಿತು, ಹಾಳೆಯ ಮೇಲಿನ ಅಂಕಿಗಳು ಬೆದರಿದಂತೆ ಅಲುಗಾಡಿದವು. "ಅದು ನಮ್ಮಪ್ಪಂದು."

"ಮೊದ್ಲ ನೀರಿಂದ ತಗೀರಿ," ಕಾಕಾ ಗದರಿದರು, "ಆಮ್ಯಾಲ ಬಡದಾಡ್ರಿ."

ಬಡಿದಾಡಲಿಲ್ಲ. ರುಕ್ಮಕ್ಕ ಹಾಳೆಯನ್ನು ತಾನೇ ಎತ್ತಿ, ಹೊಸ ಅಂಗಿಯ ಬಟ್ಟೆಯ ಮೇಲೆ ಒತ್ತಿ ಒಣಗಿಸಿ, ನನ್ನ ಕೈಗೆ ಕೊಟ್ಟಳು. "ಮನಿಯವ್ರಿಗೆ ಸೇರಬೇಕಾದ್ದು. ನಾ ಕೇಳಿದ್ದ ತಪ್ಪು," ಅಂದಳು. ಗುಂಡಿಗಳನ್ನು ಡಬ್ಬಿಗೆ ಸುರಿದುಕೊಂಡು ಹೋದಳು. ಒಂದು ಗುಂಡಿ ಬಿದ್ದು ಉರುಳಿ ಪರಾತದ ಕೆಳಗೆ ಹೋಯಿತು. ಅವಳು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅವ್ವನಿಗೆ ಹಾಳೆ ತೋರಿಸಿದೆ. ಅವಳಿಗೆ ಓದು ಬರುವುದಿಲ್ಲ. ಹಿಟ್ಟಿನ ಕೈ ಒರೆಸಿಕೊಂಡು ಎರಡೂ ಅಂಗೈಯಲ್ಲಿ ಹಿಡಿದು, "ಇಷ್ಟ ಇದ್ನೇನ?" ಅಂದಳು. ಕೊಕ್ಕೆಯ ಬಗ್ಗೆ ಕೇಳಿದರೆ ಅವಳಿಗೂ ಗೊತ್ತಿಲ್ಲ. ಮೂರು ದಿನ ದಿಂಬಿನ ಕೆಳಗೆ ಇಟ್ಟುಕೊಂಡೆ. ಆ ಕೊಕ್ಕೆ ನನಗೆ ಓದಲು ಬರದ ಒಂದೇ ಅಕ್ಷರವಾಗಿ ಉಳಿಯಿತು. ಅದನ್ನು ಕಿವಿಯಲ್ಲಿ ಕೇಳಿರಬಹುದಾದವಳು ಊರಲ್ಲಿ ಒಬ್ಬಳೇ ಇದ್ದಳು.

ನಾಲ್ಕನೆಯ ದಿನ ರುಕ್ಮಕ್ಕನ ಮಳಿಗೆಗೆ ಹೋದೆ. ಮಿಷನ್ ನಿಲ್ಲಿಸದೆ, "ಬಾ," ಅಂದಳು. ನಾನು ಹಾಳೆಯನ್ನು ಬಟ್ಟೆಯ ಮೇಲೆ ಬಿಚ್ಚಿಟ್ಟು ಕೊಕ್ಕೆಯ ಮೇಲೆ ಬೆರಳಿಟ್ಟೆ. ಅವಳು ಮೊದಲು ಅಕ್ಷರಗಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಬೆರಳು ನೋಡಿದಳು.

"ಇದಾ? ಇದು ಗೊತ್ತಿಲ್ಲೇನ ನಿಂಗ? ಎಡಗಡೆ ತೋಳು ಒಂದು ಬೆರಳು ಉದ್ದ ಬಿಡ್ರಿ ಏಕನಾಥಪ್ಪ ಅಂತ ಪ್ರತಿ ಸಲ ಹೇಳಾಂವ ನಿಮ್ಮಪ್ಪ. ಯಾಕಪಾ ಅಂದ್ರ, ಮಗಳು ಮುಷ್ಟ್ಯಾಗ ಮುದುರಿ ಹಿಂದಕ್ಕ ಜಗ್ತಾಳ್ರಿ, ಎರಡು ತಿಂಗಳದಾಗ ಎಡಗೈ ತೋಳ ಮ್ಯಾಲ ಹೋಗಿ ಕುಂದರತೈತಿ ಅಂತಿದ್ದ." ಅವಳು ಮಿಷನ್ನಿನ ಚಕ್ರ ಬಿಟ್ಟು ನನ್ನ ಕಡೆ ತಿರುಗಿದಳು. "ಪ್ಯಾಟ್ಯಾಗ ಯಾರರ ನಿನ್ನ ಹೆಸರೇನವಾ ಅಂದ್ರ ಸಾಕು, ಅಪ್ಪನ ತೋಳು ಹಿಡಕೊಂಡು ಬೆನ್ನ ಹಿಂದ ಹೋಗಿ ನಿಂದರತಿದ್ದಿ. ಇಲ್ಲೇ, ಈ ಬಾಗಲದಾಗ. ನಾವಿಬ್ರೂ ಎಷ್ಟ ನಕ್ಕೇವಿ ಅಂತಿ."

ಆ ತೋಳಿನ ಬಟ್ಟೆ ನನ್ನ ಮುಷ್ಟಿಗೆ ನೆನಪಿತ್ತು. ಬೆವರು, ಜೋಳದ ಚೀಲದ ಧೂಳು. ಅವನ ಬೆನ್ನ ಹಿಂದೆ ನಿಂತು ನಾನು ಎಲ್ಲರನ್ನೂ ನೋಡುತ್ತಿದ್ದೆ. ಊರು ನೋಡಲು ಕಲಿತದ್ದೇ ಅಲ್ಲಿಂದ. ನನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ.

ಏಳುವಾಗ ಹಾಳೆ ತೆಗೆದುಕೊಳ್ಳಲಿಲ್ಲ. "ಇಲ್ಲೇ ಇರಲಿ ಅಕ್ಕಾ. ಇಬ್ಬರದೂ ಆಗತೈತಿ," ಅಂದೆ. ಅವಳು ಬೇಡ ಅನ್ನಲಿಲ್ಲ. ಬೇಡ ಅನ್ನುವುದು ನನಗೂ ಬೇಕಿರಲಿಲ್ಲ.

ದಾವಲ್ ಕಾಕಾ ಹೋಗಿ ಈಗ ಮೂರು ವರ್ಷ. ಬಿಡಿಸೋ ಅಂಗಡಿಯಲ್ಲಿ ನಾನೇ ಕೂರುತ್ತೇನೆ. ಓಗೊಡದ ಗೀಚು ಬಂದರೆ ಚೆಲ್ಲುವುದಿಲ್ಲ, ಹಾಳೆ ತಂದವರನ್ನು ಕೂರಿಸಿ ಕೇಳುತ್ತೇನೆ. ಹಾಗಾಗಿ ಕಟ್ಟೆಯ ಮೇಲೆ ಜನ ಸಂಜೆಯವರೆಗೆ ಕಾಯುತ್ತಾರೆ, ಬೈಯುತ್ತಾರೆ. ಕದ ಹಾಕಿ ನಾನು ರುಕ್ಮಕ್ಕನ ಮಳಿಗೆಗೆ ಹೋಗುತ್ತೇನೆ. ಮಿಷನ್ನಿನ ಮೇಲಿನ ಗೋಡೆಗೆ ಗಾಜು ಹಾಕಿದ ಹಾಳೆ. ಅವಳು ಅಕ್ಷರ ನೋಡುತ್ತಾಳೆ, ನಾನು ಕೊಕ್ಕೆ ನೋಡುತ್ತೇನೆ. ಅದರ ಹೆಸರು ನನಗೆ ಈಗ ಗೊತ್ತು, ಕರೆದರೆ ನೀರಿಲ್ಲದೆ ಗಾಜಿನೊಳಗಿಂದಲೂ ಎದ್ದು ಬಂದೀತು ಅನ್ನಿಸುತ್ತದೆ. ಒಮ್ಮೊಮ್ಮೆ ದಿನದ ಸುದ್ದಿ ಹೇಳುತ್ತಾ ಹೇಳುತ್ತಾ ನನ್ನ ದನಿ ಏರುತ್ತದೆ. ಆಗ ರುಕ್ಮಕ್ಕ ಬಾಯಲ್ಲಿ ಹಿಡಿದ ಸೂಜಿಯನ್ನು ತೆಗೆದು, ಊರಲ್ಲಿ ಯಾರೂ ನನಗೆ ಯಾವತ್ತೂ ಹೇಳದ ಮಾತನ್ನು ಹೇಳುತ್ತಾಳೆ:

"ಮೆಲ್ಲಕ ಮಾತಾಡ ಹುಡಗಿ, ಗ್ವಾಡಿ ಹತ್ರ ಅದೀ."